ಬಿಡಬ್ಯಾಡ ಅಂದದ್ದು

ಕಾರಂಜಾ ಹಿನ್ನೀರಿನಲ್ಲಿ ನಾವು ಮೀನು ಹಿಡಿಯುವ ದಂಡೆಯ ಮೇಲೆ ಈಗ ಯಾರೂ ‘ಬಿಡಬ್ಯಾಡ’ ಅನ್ನುವುದಿಲ್ಲ. ಹಗ್ಗ ಬಿಗಿ ಹಿಡಿಯಬೇಕಾದರೆ ‘ಗಟ್ಟಿ’ ಅನ್ನುತ್ತಾರೆ. ಇದು ನನ್ನ ಅಣ್ಣ ಮಾಡಿದ ಕಾಯ್ದೆ. ಹೊಸಬರು ಯಾರಾದರೂ ಯಾಕೆ ಹೀಗೆ ಅಂತ ಕೇಳಿದರೆ ಅವನು ತನ್ನ ಎಡಗಾಲು ಮುಂದೆ ಚಾಚಿ ತೋರಿಸುತ್ತಾನೆ. ಆಮೇಲೆ ನನ್ನ ಕಡೆ ಕೈ ಮಾಡಿ, “ಪಾಪ, ಇವಗ ಅರ್ಧಾ ಮಾತು ಕೇಳಿತ್ತು” ಅನ್ನುತ್ತಾನೆ. ಆರು ವರ್ಷ ಇದನ್ನು ಕೇಳುತ್ತ ಪಕ್ಕದಲ್ಲಿ ನಿಂತಿದ್ದೇನೆ.

ನನಗೆ ಪೂರ್ತಿ ಮಾತು ಕೇಳಿತ್ತು.

ಅದನ್ನು ಬರೆಯಲಿಕ್ಕೇ ಕುಳಿತಿದ್ದೇನೆ. ನಾನು ಓದಿದ್ದು ಏಳನೇ ತರಗತಿಯವರೆಗೆ. ಬೀದರಿನ ನೌಬಾದದಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿ ಕೆಲಸ, ಚಿದ್ರಿಯಲ್ಲಿ ಬಾಡಿಗೆ ಮನೆ. ಸೀಮೆಸುಣ್ಣದಲ್ಲಿ ಟೈರಿನ ಮೇಲೆ ಗಾಡಿ ನಂಬರು ಬರೆಯುವುದು ಬಿಟ್ಟರೆ ಬರವಣಿಗೆಯ ರೂಢಿ ಇಲ್ಲ. ಅಕ್ಷರ ತಪ್ಪಿದ್ದರೆ ಇರಲಿ. ಅದಕ್ಕಿಂತ ದೊಡ್ಡ ತಪ್ಪು ಹೇಳುವುದಿದೆ.

ಅಣ್ಣ ಇರುವುದು ನಮ್ಮ ಊರಿನಲ್ಲೇ, ಭಾಲ್ಕಿ ತಾಲ್ಲೂಕಿನ ಭಾತಂಬ್ರಾದಲ್ಲಿ. ಎರಡು ಎಕರೆ ಹೊಲ, ತೊಗರಿ ಮತ್ತು ಸೋಯಾ. ಭಾನುವಾರ ಬೆಳಿಗ್ಗೆ ಅವನು ಅಲ್ಲಿಂದ, ನಾನು ಬೀದರಿನಿಂದ ಮೋಟಾರ್ ಸೈಕಲ್ ಮೇಲೆ ಹೊರಟು ಹಿನ್ನೀರಿನ ದಂಡೆಯಲ್ಲಿ ಸೇರುತ್ತಿದ್ದೆವು. ನಮಗೆ ಬೇಕಾದದ್ದು ಮೀಸೆ ಮೀನು. ಮೈಗೆ ಹುರುಪೆ ಇಲ್ಲ, ಬಾಯಿಯ ಎರಡೂ ಕಡೆ ಉದ್ದ ಮೀಸೆ, ರೆಕ್ಕೆಯಲ್ಲಿ ಚುಚ್ಚುವ ಮುಳ್ಳು. ಕೆಸರಿನ ತಳದಲ್ಲಿ ತಿರುಗುವ ಮೀನು. ಅದರ ಕಣ್ಣು ಮಂದ, ಮೂಗು ಚುರುಕು. ಕೋಳಿಯ ಕರುಳು ಒಂದು ದಿನ ಬಿಸಿಲಿಗೆ ಇಟ್ಟು ಗಾಳಕ್ಕೆ ಚುಚ್ಚಿದರೆ ವಾಸನೆ ಹಿಡಿದು ತಾನೇ ಬರುತ್ತದೆ.

ಬಲೆ ನಮ್ಮಲ್ಲಿ ಇರಲಿಲ್ಲ. ನಮ್ಮದು ಡಬ್ಬಿ ಗಾಳ. ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿಯ ಬಾಯಿ ಬಿಗಿ ಮುಚ್ಚಿ, ಕುತ್ತಿಗೆಗೆ ನೈಲಾನ್ ದಾರ ಕಟ್ಟಿ, ದಾರಕ್ಕೆ ತೂಕಕ್ಕೊಂದು ಹಳೆಯ ನಟ್ಟು, ಅದರ ಕೆಳಗೆ ಗಾಳ. ನಟ್ಟುಗಳನ್ನು ನಾನು ಅಂಗಡಿಯಿಂದ ಒಯ್ಯುತ್ತಿದ್ದೆ. ಡಬ್ಬಿಗಳ ತಳಕ್ಕೆ ಅಣ್ಣ ಕೆಂಪು ಬಣ್ಣ ಹಚ್ಚಿದ್ದ. ಸುಮ್ಮನಿದ್ದಾಗ ಡಬ್ಬಿ ನೀರ ಮೇಲೆ ಅಡ್ಡ ಮಲಗಿ ತೇಲುತ್ತದೆ. ಮೀನು ಕಚ್ಚಿ ಕೆಳಗೆ ಜಗ್ಗಿದರೆ ಕುತ್ತಿಗೆ ಮುಳುಗುತ್ತದೆ, ತಳ ಮೇಲಕ್ಕೆ ಏಳುತ್ತದೆ. ಹನ್ನೆರಡು ಡಬ್ಬಿ ನೀರಿಗೆ ಬಿಟ್ಟು, ದಂಡೆಯಲ್ಲಿ ಕುಳಿತು, ಎಲ್ಲಿ ಕೆಂಪು ಏಳುತ್ತದೆ ಅಂತ ನೋಡುವುದೇ ಅರ್ಧ ದಿನದ ಕೆಲಸ.

ಕೆಂಪು ಎದ್ದ ಮೇಲೆ ಒಬ್ಬ ಟ್ಯೂಬಿನ ಮೇಲೆ ಹೋಗಬೇಕು. ಲಾರಿ ಟ್ಯೂಬಿನ ನಡುವೆ ಮಂಚದ ನವಾರ ಹೆಣೆದು ಕೂರುವ ಹಾಗೆ ಮಾಡಿದ್ದೆವು. ಹುಟ್ಟು ಇಲ್ಲ. ಎರಡು ಹಳೆಯ ಹವಾಯಿ ಚಪ್ಪಲಿ ಕೈಗೆ ಹಾಕಿಕೊಂಡು ನೀರು ಹಿಂದಕ್ಕೆ ತಳ್ಳುತ್ತ ಹೋಗುವುದು. ಬರುವಾಗ ಒಂದು ಕೈಯಲ್ಲಿ ಮೀನಿನ ದಾರ ಇರುತ್ತದೆ, ತಳ್ಳಲಿಕ್ಕೆ ಆಗುವುದಿಲ್ಲ. ಅದಕ್ಕೇ ಹಗ್ಗ. ನಲವತ್ತು ಮಾರು ಉದ್ದದ ಹಗ್ಗದ ಒಂದು ತುದಿ ಟ್ಯೂಬಿಗೆ ಕಟ್ಟಿರುತ್ತದೆ, ಇನ್ನೊಂದು ತುದಿ ದಂಡೆಯಲ್ಲಿ ನಿಂತವನ ಕೈಯಲ್ಲಿ. ನೀರಿನಲ್ಲಿದ್ದವನು ‘ಬಿಡ’ ಅಂದರೆ ಇನ್ನಷ್ಟು ಹಗ್ಗ ಕೊಡಬೇಕು. ‘ಎಳಿ’ ಅಂದರೆ ಎಳೆಯಬೇಕು. ‘ಬಿಡಬ್ಯಾಡ’ ಅಂದರೆ ಇದ್ದಲ್ಲೇ ಬಿಗಿ ಹಿಡಿದು ನಿಲ್ಲಬೇಕು. ಮೂರೇ ಮಾತು. ಆಗ ನೀರಿಗೆ ಹೋಗುವವನು ಅಣ್ಣ. ದಂಡೆಯಲ್ಲಿ ನಿಲ್ಲುವವನು ನಾನು.

ಇನ್ನೊಂದು ವಿಷಯ ಮೊದಲೇ ಹೇಳಬೇಕು. ಅಣ್ಣ ಓದಿದ್ದು ನಾಲ್ಕನೆಯವರೆಗೆ. ಒಬ್ಬನಾದರೂ ಓದಲಿ ಅಂತ ಮನೆಯಲ್ಲಿ ಮಾತಾದಾಗ ಅವನೇ ಪಾಟಿಚೀಲ ನನ್ನ ಮುಂದೆ ಇಟ್ಟು ಹೊಲಕ್ಕೆ ಹೋದನಂತೆ. ನಾನು ಸಣ್ಣವನು, ನನಗೆ ನೆನಪಿಲ್ಲ. ನಾನು ಏಳಕ್ಕೆ ಬಂದು ಸಾಲಿ ಬಿಟ್ಟೆ. ಮಾಸ್ತರರು ಹೊಡೆದರು ಅಂತ ಮನೆಯಲ್ಲಿ ಹೇಳಿದ್ದೆ. ಹೊಡೆದಿರಲಿಲ್ಲ. ಹೋಗಲಿಕ್ಕೆ ಬೇಸರ ಬಂದಿತ್ತು, ಅಷ್ಟೇ. ಅಣ್ಣ ಅದಕ್ಕೆ ಎಂದೂ ಬೈದವನಲ್ಲ. ಚೇಷ್ಟೆ ಮಾಡುತ್ತಿದ್ದ.

ಆ ಭಾನುವಾರ ಮಳೆಗಾಲದ ನಡುವಿನದು. ಹಿಂದಿನ ಎರಡು ದಿನ ಮೇಲಿನ ಊರುಗಳಲ್ಲಿ ಮಳೆಯಾಗಿ ಹಳ್ಳದ ನೀರು ಬಂದು ಸೇರುತ್ತಿತ್ತು. ಮೇಲೆ ನೋಡಿದರೆ ನೀರು ಹಾಸಿದ ಹಾಗೆ ಇದ್ದರೂ ಒಳಗೆ ಸೆಳವು ಇತ್ತು. ನನ್ನ ಅಂಗಡಿಯ ಮಾಲಕರು ಮೀನು ಬೇಕು ಅಂತ ನನ್ನ ಹಿಂದೆ ಗಾಡಿ ಹತ್ತಿ ಬಂದಿದ್ದರು. ದಂಡೆಯ ಮೇಲೆ ಇನ್ನೂ ನಾಲ್ಕೈದು ಜನ ಇದ್ದರು. ಥರ್ಮಾಸಿನಿಂದ ಚಹಾ ಬಗ್ಗಿಸುತ್ತಿದ್ದಾಗ ಮಾಲಕರು, ನಮ್ಮ ಅಂಗಡಿಯಲ್ಲಂತೂ ಇವನ ಕೈ ಚುರುಕು, ಇಲ್ಲಿ ಏನು ಮಾಡುತ್ತಾನೆ ಅಂತ ಅಣ್ಣನನ್ನು ಕೇಳಿದರು.

“ಇಲ್ಲಿ ಹಗ್ಗಾ ಹಿಡಿತಾನರಿ” ಅಂದ ಅಣ್ಣ. “ಇವಗ ಓದಸ್ಲಿಕ್ಕಿ ನಾ ಸಾಲಿ ಬಿಟ್ಟೆ. ಇವಾ ಏಳು ವರ್ಷ ಓದಿ, ಹಗ್ಗಕ್ಕ ಎರಡು ತುದಿ ಇರ್ತಾವ ಅಂತ ಕಲ್ತು ಬಂದ.”

ಯಾರೋ ಒಬ್ಬ, “ನಡಬರಕ ಏನಿರ್ತದಂತ?” ಅಂದ.

“ಅದು ಎಂಟನೇತ್ತ ಪಾಠರಿ.”

ಎಂಟನೇತ್ತ ಅಂದರೆ ನಾನು ಕಾಲಿಡದ ಎಂಟನೇ ತರಗತಿ. ಎಲ್ಲರೂ ನಕ್ಕರು. ಮಾಲಕರು ನಕ್ಕ ರಭಸಕ್ಕೆ ಚಹಾ ಪೈಜಾಮದ ಮೇಲೆ ಚೆಲ್ಲಿತು. ನಾನೂ ನಕ್ಕೆ. ನಗುತ್ತಲೇ ಹಗ್ಗ ಬಿಚ್ಚಿ ಸುರುಳಿ ಮಾಡಿದೆ. ನಾಳೆ ಅಂಗಡಿಯಲ್ಲಿ ಇದನ್ನು ಎಲ್ಲ ಡ್ರೈವರುಗಳ ಮುಂದೆ ಹೇಳುತ್ತಾರೆ ಅಂತ ಅನ್ನಿಸಿತು. ಮೈಯಲ್ಲಿ ಸಿಟ್ಟು ಏನೂ ಏರಲಿಲ್ಲ. 

ಮೊದಲ ಎರಡು ಡಬ್ಬಿ ಹತ್ತಿರದವು. ಅಣ್ಣ ಹೋಗಿ ಬಂದ. ಎರಡರಲ್ಲೂ ಮೀನು ಇತ್ತು. ಮೂರನೆಯ ಕೆಂಪು ಎದ್ದದ್ದು ದೂರ, ಬೇಲಿಯ ಕಡೆ. ಆ ನೀರಿನ ಕೆಳಗೆ ಒಂದು ಕಾಲಕ್ಕೆ ಹೊಲ ಇತ್ತು. ಹೊಲದ ಬೇಲಿ ಹಾಗೆಯೇ ಮುಳುಗಿದೆ, ಕಲ್ಲಿನ ಕಂಬ ಮತ್ತು ಮುಳ್ಳು ತಂತಿ. ಬೇಸಿಗೆಯಲ್ಲಿ ನೀರು ಇಳಿದರೆ ಕಂಬದ ತಲೆಗಳು ಕಾಣುತ್ತವೆ. ಮಳೆಗಾಲದಲ್ಲಿ ಕಾಣುವುದಿಲ್ಲ, ಎಲ್ಲಿದೆ ಅನ್ನುವುದು ಮಾತ್ರ ದಂಡೆಯವರಿಗೆಲ್ಲ ಗೊತ್ತು.

ಅಣ್ಣ ಹೋಗುತ್ತ ಎರಡು ಸಲ ‘ಬಿಡ’ ಅಂದ. ಎರಡು ಸಲ ಕೊಟ್ಟೆ. ಡಬ್ಬಿಯ ಹತ್ತಿರ ಹೋಗಿ ದಾರ ಹಿಡಿದ. ಮೀನು ದೊಡ್ಡದಿರಬೇಕು, ಟ್ಯೂಬು ಅರ್ಧ ಸುತ್ತು ತಿರುಗಿತು. ತಿರುಗಿದ ಟ್ಯೂಬು ಸೆಳವಿಗೆ ಸಿಕ್ಕು ಬೇಲಿಯ ಕಡೆ ಜರುಗತೊಡಗಿತು. ಆಗ ಅವನು ಹೊರಳಿ ನನ್ನನ್ನು ನೋಡಿ ಅಂದ:

“ಬಿಡಬ್ಯಾಡ.”

ಗಾಳಿ ಇರಲಿಲ್ಲ. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಸಪ್ಪಳ ಕೂಡ ಕೇಳುತ್ತಿತ್ತು. ಉಳಿದವರು ಮೊದಲ ಎರಡು ಮೀನಿನ ಸುತ್ತ ಮಾತಿನಲ್ಲಿದ್ದರು, ನನಗೆ ನಾಲ್ಕು ಅಕ್ಷರವೂ ಬಂದು ಮುಟ್ಟಿದವು. ಬಿ, ಡ, ಬ್ಯಾ, ಡ.

ನಾನು ಹಗ್ಗ ಬಿಟ್ಟೆ. ಸ್ವಲ್ಪ ಒದ್ದೆಯಾಗಲಿ ಅಂತ ಬಿಟ್ಟೆ. ಸ್ವಲ್ಪ ಒದರಾಡಲಿ, ಮಾಲಕರು ನೋಡಲಿ, ನಾನು ಎಳೆದು ತರುತ್ತೇನೆ, ಅಷ್ಟೇ ಮನಸ್ಸಿನಲ್ಲಿ ಇದ್ದದ್ದು. ಮುಷ್ಟಿ ಸಡಿಲ ಮಾಡಿದೆ, ಹಗ್ಗ ಅಂಗೈ ಒಳಗಿಂದ ತಾನಾಗಿ ಹೋಯಿತು. ತುದಿಯಲ್ಲಿ ಒಂದು ಗಂಟು ಇತ್ತು. ಗಂಟು ಬಂದಾಗ ಹಿಡಿಯಬೇಕು ಅಂದುಕೊಂಡಿದ್ದೆ. ಗಂಟು ಬಂತು. ಬೆರಳುಗಳಿಗೆ ತಾಗಿತು. ಹಿಡಿಯಲಿಲ್ಲ. ಯಾಕೆ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೆರಳು ಮಡಚಲಿಲ್ಲ, ಅಷ್ಟೇ ಉತ್ತರ ಸಿಗುತ್ತದೆ. ಹಗ್ಗಕ್ಕೆ ಎರಡು ತುದಿ ಇರುತ್ತವೆ. ನನ್ನ ತುದಿ ಕೆಸರಿನ ಮೇಲೆ ಹರಿದು ನೀರಿನೊಳಗೆ ಹೋಯಿತು.

ಟ್ಯೂಬು ಒಡೆದ ಶಬ್ದ ದಂಡೆಗೆ ಬಂತು. ನಾನೇ ತೇಪೆ ಹಚ್ಚಿದ ಟ್ಯೂಬು. ಒಡೆದ ಟ್ಯೂಬಿನ ಶಬ್ದ ನನಗಿಂತ ಚೆನ್ನಾಗಿ ಗೊತ್ತಿರುವವರು ಅಲ್ಲಿ ಯಾರೂ ಇರಲಿಲ್ಲ. ಅಣ್ಣ ನೀರಿಗೆ ಬಿದ್ದ. ಅಲ್ಲಿ ಕುತ್ತಿಗೆಮಟ್ಟ ನೀರು, ತಲೆ ಕಾಣುತ್ತಿತ್ತು. ಕಾಲು ತಂತಿಯಲ್ಲಿ ಸಿಕ್ಕಿತ್ತು. ಅವನು ಜಗ್ಗಿದ, ಮತ್ತೆ ಜಗ್ಗಿದ. ದಂಡೆಯಲ್ಲಿದ್ದ ಇಬ್ಬರು ತಮ್ಮ ಥರ್ಮಾಕೋಲ್ ಹಲಗೆ ತೆಗೆದುಕೊಂಡು ಹೋದರು. ನಾನು ನಿಂತಲ್ಲೇ ನಿಂತಿದ್ದೆ. ಮಾಲಕರು ಹೆಗಲು ಹಿಡಿದು ಅಲುಗಾಡಿಸಿದ ಮೇಲೆ ನೀರಿಗೆ ಇಳಿದೆ. ಅಷ್ಟರಲ್ಲಿ ಅವರು ಅವನನ್ನು ತರುತ್ತಿದ್ದರು. ಮೀನಿನ ದಾರ ಅವನ ಮುಂಗೈಗೆ ಸುತ್ತಿಕೊಂಡಿತ್ತು, ಮೀನೂ ಬಂತು.

ದಂಡೆಯ ಮೇಲೆ ಮಲಗಿಸಿದಾಗ ಅವನು ಕಾಲು ನೋಡಿಕೊಳ್ಳಲಿಲ್ಲ. ನನ್ನನ್ನು ನೋಡಿ, “ಯಾಕೋ ಬಿಟ್ಟಿ?” ಅಂದ.

“ನೀನೇ ಬಿಡ ಅಂದಿಯಲ್ಲ, ಅಣ್ಣ.”

“ಬಿಡಬ್ಯಾಡ ಅಂದೆನೋ.”

“ಬಿಡ ಅಷ್ಟೇ ಕೇಳ್ತು. ಹಗ್ಗ ಜೋರ ಹೋಯ್ತು, ತುದಿ ಜಾರ್ತು.”

ಅವನು ನನ್ನ ಮುಖ ನೋಡಿದ. ಆಮೇಲೆ ನೀರಿನ ಕಡೆ ನೋಡಿದ. “ಗಾಳಿಗಿ ಕೇಳಿರ್ಲಿಕ್ಕಿಲ್ಲ” ಅಂದ. ಗಾಳಿಯನ್ನು ಕೊಟ್ಟವನು ಅವನೇ. ನಾನು ತೆಗೆದುಕೊಂಡೆ.

ಹಿಮ್ಮಡದ ಮೇಲಿನ ದಪ್ಪ ನರ ತಂತಿಗೆ ಕಡಿದಿತ್ತು. ಭಾಲ್ಕಿಯಲ್ಲಿ ತೋರಿಸಿ, ಅಲ್ಲಿಂದ ಬೀದರಿಗೆ ಒಯ್ದು ಹೊಲಿಸಿದೆವು. ಗಾಯ ಮಾಯಿತು. ನರ ಮೊದಲಿನ ಹಾಗೆ ಕೂಡಲಿಲ್ಲ. ಹೆಜ್ಜೆ ಒತ್ತಲಿಕ್ಕೆ ಆಗುವುದಿಲ್ಲ, ಕಾಲು ಎಳೆದು ನಡೆಯುತ್ತಾನೆ. ಆಸ್ಪತ್ರೆಯಲ್ಲಿ ಎರಡು ದಿನ ನಾನು ಎರಡೂ ಮುಷ್ಟಿ ಕಟ್ಟಿಕೊಂಡೇ ಇದ್ದೆ. ಬಿಗಿ ಹಿಡಿದ ಹಗ್ಗ ಜಾರಿದರೆ ಅಂಗೈ ಸುಟ್ಟು ಗೆರೆ ಬೀಳುತ್ತದೆ. ನನ್ನ ಅಂಗೈಯಲ್ಲಿ ಗ್ರೀಸಿನ ಕಲೆ ಬಿಟ್ಟರೆ ಏನೂ ಇರಲಿಲ್ಲ. ಯಾರೂ ನೋಡಲಿಲ್ಲ. ವೈನಿ, ಅಣ್ಣನ ಹೆಂಡತಿ, ಊಟದ ಡಬ್ಬಿ ತಂದಾಗ, ನೀನೂ ಎರಡು ದಿನದಿಂದ ಉಂಡಿಲ್ಲ ಅಂತ ನನಗೇ ಮೊದಲು ರೊಟ್ಟಿ ಕೊಟ್ಟಳು. ತೆಗೆದುಕೊಳ್ಳಲಿಕ್ಕೆ ಮುಷ್ಟಿ ತೆರೆಯಬೇಕಾಯಿತು.

ನಮ್ಮ ಓಣಿಯಲ್ಲಿ ಏಪ್ರಿಲ್ ತಿಂಗಳ ಜಯಂತಿಗೆ ಮೆರವಣಿಗೆ ತೆಗೆಯುತ್ತಾರೆ. ಮೆರವಣಿಗೆಯ ಮುಂದೆ ಲೇಜಿಮ್ ಆಡುವ ತಂಡಕ್ಕೆ ಅಣ್ಣನೇ ಮುಂದಾಳು. ಸೀಟಿ ಬಾಯಲ್ಲಿ, ಲೇಜಿಮ್ ಕೈಯಲ್ಲಿ, ಹಿಂದಕ್ಕೆ ಎರಡು ಹೆಜ್ಜೆ, ಮುಂದಕ್ಕೆ ಒಂದು ಹೆಜ್ಜೆ, ಕೂತು ಏಳುವುದು. ಆ ವರ್ಷದಿಂದ ಅವನು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕುಳಿತು ಸೀಟಿ ಊದುತ್ತಾನೆ. ಸೀಟಿ ಮೊದಲಿನಷ್ಟೇ ಜೋರು. ಹೊಲವನ್ನು ಪಾಲಿಗೆ ಹಾಕಿದ. ಕೆಸರಿನಲ್ಲಿ ಆ ಕಾಲು ನಿಲ್ಲುವುದಿಲ್ಲ.

ಮಲಗಿದ್ದ ಎರಡು ತಿಂಗಳಲ್ಲಿ ಅವನು ಆ ಮಾತಿನ ಬಗ್ಗೆಯೇ ಯೋಚನೆ ಮಾಡಿದ. ನೋಡಲು ಬಂದವರಿಗೆಲ್ಲ ಹೇಳುತ್ತಿದ್ದ: ‘ಬಿಡ’, ‘ಬಿಡಬ್ಯಾಡ’ ಎರಡೂ ಒಂದೇ ಥರ ಶುರುವಾಗುತ್ತವೆ, ಬಾಲ ಗಾಳಿಗೆ ಹೋದರೆ ಅರ್ಥ ತಿರುಗಿಬಿಡುತ್ತದೆ. ಮೊದಲು ‘ಹಿಡಿ’ ಅನ್ನೋಣ ಅಂದ. ಎರಡು ದಿನ ಬಿಟ್ಟು, ‘ಹಿಡಿ’ ಮತ್ತು ‘ಬಿಡ’ ದೂರದಿಂದ ಒಂದೇ ಹಾಗೆ ಕೇಳುತ್ತವೆ ಅಂತ ಅದನ್ನು ತೆಗೆದ. ವೈನಿಯನ್ನು ಹಿತ್ತಲಿಗೆ ಕಳಿಸಿ ತಾನು ಮಂಚದ ಮೇಲಿಂದ ಕೂಗಿ ಪರೀಕ್ಷೆ ಮಾಡಿದ. ಕಡೆಗೆ ‘ಗಟ್ಟಿ’ ನಿಂತಿತು. ಕೋಲು ಊರಿಕೊಂಡು ಮತ್ತೆ ದಂಡೆಗೆ ಬಂದ ಮೊದಲ ಭಾನುವಾರವೇ ಎಲ್ಲರಿಗೂ ಹೇಳಿದ. ಎಲ್ಲರೂ ಒಪ್ಪಿದರು. ಕಾಯ್ದೆ ಒಳ್ಳೆಯದೇ. ಎರಡನೆಯ ವರ್ಷ ಜೋರು ಗಾಳಿಯ ಒಂದು ದಿನ ಇನ್ನೊಬ್ಬ ಮೀನುಗಾರ ಅದೇ ಬೇಲಿಯ ಹತ್ತಿರದಿಂದ ‘ಗಟ್ಟಿ’ ಅಂತ ಕೂಗಿ ಉಳಿದುಕೊಂಡ. ಅವನ ಹೆಂಡತಿ ಅಣ್ಣನಿಗೆ ಟೊಪ್ಪಿಗೆ, ಟಾವೆಲು ತಂದು ಕೊಟ್ಟಳು.

ಆಮೇಲೆ ನೀರಿಗೆ ಹೋಗುವವನು ನಾನಾದೆ. ಅಣ್ಣ ದಂಡೆಯಲ್ಲಿ ಕೂತು ಹಗ್ಗ ಹಿಡಿಯುತ್ತಿದ್ದ. ತುದಿಯನ್ನು ನಡಕ್ಕೆ ಎರಡು ಸುತ್ತು ಸುತ್ತಿಕೊಂಡು, ಸರಿ ಇರುವ ಕಾಲನ್ನು ಒಂದು ಕಲ್ಲಿಗೆ ಒತ್ತಿ ಕೂರುತ್ತಿದ್ದ. ಆರು ವರ್ಷದಲ್ಲಿ ನಾನು ‘ಗಟ್ಟಿ’ ಅಂದದ್ದು ಕಡಿಮೆ. ಅನ್ನುವ ಮೊದಲೇ ಹಗ್ಗ ಬಿಗಿಯಾಗಿರುತ್ತಿತ್ತು. ನೀರಿನ ನಡುವೆ ಟ್ಯೂಬಿನ ಮೇಲೆ ಕೂತಾಗ ಸೊಂಟದ ಹತ್ತಿರ ಆ ಬಿಗಿ ಗೊತ್ತಾಗುತ್ತದೆ. ಅದು ಗೊತ್ತಾದಾಗಲೆಲ್ಲ ಹೇಳಿಬಿಡಬೇಕು ಅನ್ನಿಸುತ್ತಿತ್ತು. ದಂಡೆಗೆ ಬಂದ ಮೇಲೆ ಅನ್ನಿಸುತ್ತಿರಲಿಲ್ಲ. ಹೇಳಿದರೆ ನನಗೆ ಅಣ್ಣ ಉಳಿಯುವುದಿಲ್ಲ. ಹೇಳದಿದ್ದರೆ ತಪ್ಪು ಅವನ ಬಾಯಿಯದಾಗಿಯೇ ಉಳಿಯುತ್ತದೆ. ಇವೆರಡರ ನಡುವೆ ಆರು ವರ್ಷ ಮೀನು ಹಿಡಿದೆ.

ಚಿದ್ರಿಯ ನಮ್ಮ ವಿಹಾರದಲ್ಲಿ ಹುಣ್ಣಿಮೆಗೆ ಸೇರಿ ಪಂಚಶೀಲ ಹೇಳುತ್ತೇವೆ. ನಾಲ್ಕನೆಯದು ಸುಳ್ಳು ಆಡುವುದಿಲ್ಲ ಅನ್ನುವುದು. ಮೊದಲ ಮೂರಕ್ಕೆ ದನಿ ಇರುತ್ತಿತ್ತು, ನಾಲ್ಕನೆಯದಕ್ಕೆ ಬರೀ ತುಟಿ ಆಡಿಸುತ್ತಿದ್ದೆ, ಐದನೆಯದಕ್ಕೆ ಮತ್ತೆ ದನಿ. ಒಮ್ಮೆ ಅಣ್ಣ ಬಂದಿದ್ದಾಗ ಮಗ್ಗುಲಲ್ಲೇ ಕೂತು ಇದನ್ನು ಗಮನಿಸಿದ. ಹೊರಗೆ ಬಂದು ಚಪ್ಪಲಿ ಹುಡುಕುತ್ತ, ಮೀನು ಹಿಡಿಯುವವರು ಗುಟ್ಟಾಗಿ ಹೇಳಬೇಕಾದದ್ದು ಒಂದನೆಯದು, ಕೊಲ್ಲುವುದಿಲ್ಲ ಅನ್ನುವುದು, ನೀನು ಲೆಕ್ಕ ತಪ್ಪಿದೆ ಅಂತ ನಕ್ಕ. ನಾನೂ ನಕ್ಕೆ.

ಕಳೆದ ಚಳಿಗಾಲದಲ್ಲಿ ಔರಾದಿನ ಕಡೆಯಿಂದ ಕರೆ ಬಂತು. ಅಲ್ಲಿ ವೈನಿಯ ತವರು. ಅವರ ಊರ ಕೆರೆ ಆ ವರ್ಷ ತುಂಬಿತ್ತು. ಡಬ್ಬಿ ಗಾಳ ಹಾಕುವುದನ್ನು ಬಂದು ತೋರಿಸಿ ಅಂತ ವೈನಿಯ ಅಣ್ಣ ಹೇಳಿ ಕಳಿಸಿದ್ದ. ನಾನು ಗಾಡಿ ನಡೆಸಿದೆ, ಅಣ್ಣ ಹಿಂದೆ ಕೂತ. ಗಾಡಿ ಮೇಲೆ ಕೂತರೆ ಅವನು ಬಲಗೈ ನನ್ನ ಹೆಗಲ ಮೇಲೆ ಇಡುತ್ತಾನೆ. ಹೊಲ ನೋಡುತ್ತ, ತೊಗರಿ ಹೂವು ನಿಂತಿದೆ, ಇಲ್ಲಿ ಉದುರಿದೆ ಅಂತ ಹೇಳುತ್ತ ಬಂದ.

ಕೆರೆಯ ಏರಿಯ ಮೇಲೆ ಹತ್ತು ಹನ್ನೆರಡು ಜನ ಸೇರಿದ್ದರು. ಅಣ್ಣ ಡಬ್ಬಿಗೆ ದಾರ ಕಟ್ಟುವುದು, ನಟ್ಟಿನ ತೂಕ, ಕರುಳು ಚುಚ್ಚುವುದು ಎಲ್ಲ ತೋರಿಸಿದ. ಆಮೇಲೆ ಮಾತಿನ ಕಾಯ್ದೆ ಹೇಳಿ ಕಾಲು ಚಾಚಿದ. ಅವತ್ತು ಭಾರಿ ಗಾಳಿ ಇತ್ತು ಅಂದ. ವರ್ಷದಿಂದ ವರ್ಷಕ್ಕೆ ಅವನ ಮಾತಿನಲ್ಲಿ ಆ ಗಾಳಿ ಜೋರಾಗುತ್ತ ಬಂದಿತ್ತು. ಈ ಸಲ ದಂಡೆಯ ಮೇಲಿನ ಟಾವೆಲು ಹಾರಿಹೋಗುವಷ್ಟು ಇತ್ತು.

ಏರಿಯ ಮೇಲಿದ್ದ ಒಬ್ಬ, “ಹಂಗಾದ್ರ ನಿಮ್ಮ ತಮ್ಮನ ಕಿವಿ ತೋರಿಸ್ರಿ ಡಾಕ್ಟರಿಗಿ” ಅಂದ. ಕೆಲವರು ನಕ್ಕರು.

ಅಣ್ಣ ನಗಲಿಲ್ಲ. “ಅವನ ಕಿವಿ ಛಲೋ ಅದಾವರಿ. ನನ್ನ ಬಾಯಿನೇ ಛಲೋ ಇರ್ಲಿಲ್ಲ. ಅವಾ ಕೇಳಿದ್ದಷ್ಟು ಮಾಡ್ದ. ತಪ್ಪು ನಂದು.”

ಜನರ ಮುಂದೆ ಅವನು ಹಾಗೆ ಪೂರ್ತಿಯಾಗಿ ಹೇಳಿದ್ದು ಅದೇ ಮೊದಲು. ನಾನು ಕೈಯಲ್ಲಿದ್ದ ಗಾಳವನ್ನು ದಾರಕ್ಕೆ ಕಟ್ಟುತ್ತಲೇ ಇದ್ದೆ. ಗಾಳದ ಮೊನೆ ಹೆಬ್ಬೆರಳಿಗೆ ಹೋಗಿತ್ತು. ರಕ್ತ ನೋಡಿದ ಮೇಲೆ ಗೊತ್ತಾಯಿತು.

ಬರುವಾಗ ದಾರಿಯಲ್ಲಿ ಅಣ್ಣನ ಕಾಲು ಜೋಮು ಹಿಡಿಯಿತು. ಒಂದು ಕ್ರಾಸಿನಲ್ಲಿ ಚಹಾದ ಹೋಟೆಲು ಇತ್ತು, ನಿಲ್ಲಿಸಿದೆ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಬೇರೆ ಗಿರಾಕಿ ಇರಲಿಲ್ಲ. ಅಣ್ಣ ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಿದ್ದ.

“ಅಣ್ಣ, ಅವತ್ತು ಗಾಳಿ ಇರ್ಲಿಲ್ಲ” ಅಂದೆ.

“ಹೂಂ?”

“ನೀ ಬಿಡಬ್ಯಾಡ ಅಂದಿ. ನನಗ ಪೂರಾ ಕೇಳಿತ್ತು.”

ಬಸಿ ಅವನ ಬಾಯಿಯ ಹತ್ತಿರ ಹೋಗಿತ್ತು, ಅಲ್ಲೇ ನಿಂತಿತು. ಅದನ್ನು ಕೆಳಗೆ ಇಟ್ಟ. ಚೆಲ್ಲಲಿಲ್ಲ.

“ತುದಿ ಜಾರ್ತು ಅಂದಿದ್ದಿ.”

“ಜಾರಲಿಲ್ಲ. ಗಂಟು ಕೈಗಿ ಬಂದಿತ್ತು. ನಾನೇ ಹಿಡೀಲಿಲ್ಲ.”

“ಯಾಕ?”

ಎಂಟನೇತ್ತ ಪಾಠದ ಮಾತು ಅಂದಿದ್ದೆಯಲ್ಲ, ಮಾಲಕರ ಮುಂದೆ, ಅದಕ್ಕೇ ಹಿಡಿಯಲಿಲ್ಲ ಅಂದೆ. ಅವನು ಹುಬ್ಬು ಗಂಟು ಹಾಕಿದ. “ಯಾವ ಎಂಟನೇತ್ತ?” ಅಂದ. ಅವನಿಗೆ ನೆನಪಿರಲಿಲ್ಲ. ಸೋಗು ಹಾಕುವವನಲ್ಲ ಅವನು, ನಿಜವಾಗಿ ಮರೆತಿದ್ದ. ನಾನು ಅದನ್ನು ಮೊದಲಿಂದ ಹೇಳಬೇಕಾಯಿತು. ಮಾಲಕರು ಏನು ಕೇಳಿದರು, ನೀನು ಹಗ್ಗಕ್ಕೆ ಎರಡು ತುದಿ ಅಂದೆ, ಇನ್ನೊಬ್ಬ ನಡುವೆ ಏನು ಅಂದ, ಅದಕ್ಕೆ ನೀನು ಹೀಗಂದೆ. ಹೇಳುತ್ತ ಹೋದಂತೆ ಅದು ಬಹಳ ಸಣ್ಣದಾಯಿತು. ದಿನಕ್ಕೆ ಹತ್ತು ಸಲ ಅಂಗಡಿಯಲ್ಲಿ ಯಾರಾದರೂ ಯಾರಿಗಾದರೂ ಅನ್ನುವಂಥ ಮಾತು. ಒಂದು ಕಾಲಿನ ತೂಕಕ್ಕೆ ಅದನ್ನು ಇಟ್ಟು ತೋರಿಸುತ್ತ ಕೂತಿದ್ದೆ.

ಅವನು ಎಲ್ಲ ಕೇಳಿದ. ತನ್ನ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

“ಚಹಾ ಕುಡಿ, ಆರ್ತದ” ಅಂದ.

ಅಲ್ಲಿಂದ ಭಾತಂಬ್ರಾಕ್ಕೆ ಹೊರಟೆವು. ಗಾಡಿ ಹತ್ತುವಾಗ ಅವನು ಕೈ ನನ್ನ ಹೆಗಲ ಮೇಲೆ ಇಡಲಿಲ್ಲ, ಹಿಂದಿನ ಕ್ಯಾರಿಯರಿನ ಸರಳು ಹಿಡಿದುಕೊಂಡ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಸರಳು ಕಿರ್ ಅನ್ನುತ್ತಿತ್ತು. ಮನೆಯ ಮುಂದೆ ಇಳಿದು, ಕೋಲು ಸರಿ ಮಾಡಿಕೊಂಡು, ಒಳಗೆ ಕೇಳದ ಹಾಗೆ ಅಂದ: “ನಿನ್ನ ವೈನಿಗಿ ಹೇಳಬ್ಯಾಡ. ದಂಡ್ಯಾಗಿನವ್ರಿಗೂ ಹೇಳಬ್ಯಾಡ. ಕಾಯ್ದಾ ಛಲೋ ಅದ. ಇರ್ಲಿ.”

ವೈನಿ ಊಟಕ್ಕೆ ಬಾ ಅಂದಳು. ಅಂಗಡಿಯಲ್ಲಿ ಕೆಲಸ ಇದೆ ಅಂದೆ. ಅದೂ ಸುಳ್ಳೇ.

ಎರಡು ಭಾನುವಾರ ಅವನ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ. ಅಂಗಡಿಯಲ್ಲಿ ಟ್ಯೂಬು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುವುದು, ತೇಪೆ ಹಚ್ಚುವುದು, ಮತ್ತೆ ಮುಳುಗಿಸುವುದು. ಹೇಳಿದ ಮೇಲೆ ಹಗುರಾಗುತ್ತದೆ ಅಂತ ಜನ ಅನ್ನುವುದನ್ನು ಕೇಳಿದ್ದೆ. ನನಗೆ ಏನೂ ಆಗಲಿಲ್ಲ. ಊಟಕ್ಕೆ ರುಚಿ ಇತ್ತು, ನಿದ್ದೆ ಬರುತ್ತಿತ್ತು. ಹುಣ್ಣಿಮೆಗೆ ವಿಹಾರಕ್ಕೆ ಹೋಗಿ ನಾಲ್ಕನೆಯದನ್ನು ದನಿ ತೆಗೆದು ಹೇಳಿದೆ. ಅದು ಮೂರನೆಯದರ ಹಾಗೆಯೇ, ಐದನೆಯದರ ಹಾಗೆಯೇ ಬಂತು.

ಮೂರನೆಯ ಭಾನುವಾರ ಕರೆಯದೇ ಹೋದೆ. ಅಣ್ಣ ನನಗಿಂತ ಮೊದಲೇ ದಂಡೆಯಲ್ಲಿದ್ದ. ಬೇರೆ ಯಾರೂ ಬಂದಿರಲಿಲ್ಲ. ಡಬ್ಬಿಗಳಿಗೆ ಕರುಳು ಚುಚ್ಚಿ ಸಾಲಾಗಿ ಇಟ್ಟಿದ್ದ. ಟ್ಯೂಬಿಗೆ ಗಾಳಿ ಹೊಡೆದಿಟ್ಟಿದ್ದ. ನನ್ನನ್ನು ನೋಡಿ ಚಪ್ಪಲಿ ಜೋಡಿ ನನ್ನ ಕಡೆ ಸರಿಸಿದ. ಹಗ್ಗದ ಒಂದು ತುದಿ ಟ್ಯೂಬಿಗೆ ಇತ್ತು. ಇನ್ನೊಂದು ತುದಿ ಎಲ್ಲಿ ಅಂತ ನೋಡಿದೆ. ದಂಡೆಯ ಜಾಲಿ ಗಿಡದ ಬೊಡ್ಡೆಗೆ ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕಿತ್ತು.

ನಾನು ಗಂಟನ್ನು ನೋಡುವುದನ್ನು ಅವನು ನೋಡಿದ.

“ಗಿಡಕ್ಕ ಕಟ್ಟೀನಿ. ಗಿಡಕ್ಕ ಕಿವಿ ಇರಂಗಿಲ್ಲ.”

ಚೇಷ್ಟೆಯ ದನಿಯಲ್ಲೇ ಅಂದ. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ. ನಾನು ಡಬ್ಬಿಗಳನ್ನು ಒಂದೊಂದಾಗಿ ಒಯ್ದು ನೀರಿಗೆ ಬಿಟ್ಟು ಬಂದೆ.

ಒಂದು ಗಂಟೆಯ ಮೇಲೆ ಕೆಂಪು ಎದ್ದಿತು. ಹತ್ತಿರದ್ದೇ ಅನ್ನಿಸಿತು. ಚಪ್ಪಲಿ ಕೈಗೆ ಹಾಕಿಕೊಂಡು ಹೊರಟೆ. ಹೋಗುತ್ತ ಹೋಗುತ್ತ ಡಬ್ಬಿ ಮುಂದೆ ಜರುಗಿತು, ಮೀನು ಜಗ್ಗುತ್ತಿತ್ತು. ಡಬ್ಬಿ ಎರಡು ಮಾರು ದೂರ ಇರುವಾಗ ಟ್ಯೂಬು ತಡೆದು ನಿಂತಿತು. ಹಗ್ಗ ಮುಗಿದಿತ್ತು. ಗಿಡದ ಬೊಡ್ಡೆಗೆ ಸುತ್ತಿದ ಹಗ್ಗವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ರೂಢಿಯಿಂದ, ಹೊರಳಿ ನೋಡದೆಯೇ, “ಬಿಡ” ಅಂದೆ.

ಟ್ಯೂಬು ಅಲುಗಲಿಲ್ಲ. ಹೊರಳಿ ನೋಡಿದೆ. ಅಣ್ಣ ಗಿಡದಿಂದ ನಾಲ್ಕು ಹೆಜ್ಜೆ ದೂರ ಕೂತಿದ್ದ, ತೊಡೆಯ ಮೇಲೆ ಕರುಳಿನ ಬುಟ್ಟಿ ಇತ್ತು. ಎದ್ದು ಗಂಟು ಬಿಚ್ಚಿ ಎರಡು ಸುತ್ತು ಕೊಟ್ಟರೆ ಸಾಕಿತ್ತು. ಅವನು ಹಣೆಗೆ ಕೈ ಅಡ್ಡ ಹಿಡಿದು ಡಬ್ಬಿಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. 

“ಬಿಡಪಾ” ಅಂದ.

ಕೂಗಲಿಲ್ಲ. ಮನೆಯಲ್ಲಿ ಮಾತಾಡುವಷ್ಟೇ ದನಿ. ಗಾಳಿ ಇರಲಿಲ್ಲ, ಪೂರ್ತಿ ಕೇಳಿತು. ಡಬ್ಬಿಯನ್ನು ಬಿಡು ಅಂದನೋ, ಎಲ್ಲವನ್ನೂ ಬಿಡು ಅಂದನೋ, ದಂಡೆಗೆ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಅವನು ಮತ್ತೆ ಬುಟ್ಟಿಗೆ ಕೈ ಹಾಕಿದ. ನನ್ನನ್ನು ಎಳೆಯುವವರು ಯಾರೂ ಇರಲಿಲ್ಲ. ಚಪ್ಪಲಿಗಳನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡೆ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕೈಯ ಮುಂದೆ ಇನ್ನೊಂದು ಕೈ ಇಡುತ್ತ, ನನ್ನನ್ನು ನಾನೇ ದಂಡೆಯ ಕಡೆ ಎಳೆದುಕೊಳ್ಳುತ್ತ ಬಂದೆ.